ಎರಡನೇ ‘ಟಕ್’ ಕೇಳಿಸಿತೇ?

ಶಾಲೆಗೆ ಹೊರಡುವ ಅವಸರ. ಮಗ ವ್ಯಾನು ಹತ್ತಿ ಬಾಗಿಲು ಎಳೆದುಕೊಳ್ಳುತ್ತಾನೆ. ‘ಸರಿಯಾಗಿ ಬಿದ್ದಿಲ್ಲ, ಜೋರಾಗಿ ಹಾಕಪ್ಪ’ ಎನ್ನುತ್ತಾರೆ ಅಪ್ಪ. ಧಡಾರ್! ಬಾಗಿಲೇನೋ ಬಿತ್ತು. ಆದರೆ ಅದು ನಿಜವಾಗಿ ಕೇಳುತ್ತಿದ್ದುದು ಜೋರನ್ನಲ್ಲ, ಕೊಂಚ ಆರೈಕೆಯನ್ನು.

ಈ ಮಾತು ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು. ಅಮೆರಿಕ, ಯೂರೋಪುಗಳಲ್ಲಿ ಹಾಸಿಗೆ, ಒಲೆಗಳನ್ನು ಹೊತ್ತು ಊರೂರು ಸುತ್ತುವ ಈ ಗಾಡಿಗಳಲ್ಲಿ ಬಾಗಿಲೆಂದರೆ ಮನೆಬಾಗಿಲೇ. ದಿನಕ್ಕೆ ಹತ್ತಾರು ಸಲ ತೆಗೆದು ಹಾಕುವುದು, ರಸ್ತೆಯ ಕುಲುಕಾಟ, ಬಾಗಿಲಿನ ಭಾರ ಎಲ್ಲ ಸೇರಿ ಬಿಜಾಗರಿ ಸವೆಯುತ್ತದೆ; ಬಾಗಿಲು ಕೂದಲೆಳೆಯಷ್ಟು ಜೋಲುತ್ತದೆ. ಆಗ ಚಿಲಕ ಕೂರುವುದಿಲ್ಲ.

ಅನೇಕ ಕ್ಯಾಂಪರ್‌ಗಳಲ್ಲಿರುವುದು ಕಾರಿನಂಥದೇ ಚಿಲಕ. ಬಾಗಿಲೊಳಗೆ ಕವಲಿನಾಕಾರದ ಒಂದು ತಗಡು; ಚೌಕಟ್ಟಿನಲ್ಲಿ ‘ಸ್ಟ್ರೈಕರ್’ ಎಂಬ ಉಕ್ಕಿನ ಗೂಟ ಅಥವಾ ಕೊಂಡಿ. ಬಾಗಿಲು ಹಾಕಿದಾಗ ಸ್ಟ್ರೈಕರ್ ಕವಲನ್ನು ತಳ್ಳಿ ತಿರುಗಿಸುತ್ತದೆ. ಪುಟ್ಟ ಕೊಕ್ಕೆಯೊಂದು ಅದು ಹಿಂದಕ್ಕೆ ತಿರುಗದಂತೆ ತಡೆಯುತ್ತದೆ. ಮೊದಲ ‘ಟಕ್’ ಅರ್ಧ ಹಿಡಿತ, ಎರಡನೆಯದು ಪೂರ್ಣ ಹಿಡಿತ.

ವ್ಯತ್ಯಾಸ ಸಣ್ಣದಲ್ಲ. ಅಮೆರಿಕದ ವಾಹನ ಸುರಕ್ಷಾ ನಿಯಮದ ಪ್ರಕಾರ, ಕಾರಿನ ಪಕ್ಕದ ಬಾಗಿಲಿನ ಚಿಲಕ ಪೂರ್ಣ ಹಿಡಿತದಲ್ಲಿ ಉದ್ದಕ್ಕೆ 11,000 ನ್ಯೂಟನ್ ಸೆಳೆತ ತಾಳಬೇಕು. ಎಂದರೆ ಸುಮಾರು 1,100 ಕಿಲೋ ತೂಕ. ಅರ್ಧ ಹಿಡಿತಕ್ಕೆ 4,450 ನ್ಯೂಟನ್ ಸಾಕು. ಅರೆಬಿದ್ದ ಬಾಗಿಲಿಗೆ ಒರಗಿ ಕೂತ ಮಗು ಅರ್ಧಕ್ಕಿಂತ ಕಡಿಮೆ ಬಲದ ಭರವಸೆಯ ಮೇಲೆ ಕೂತಿದೆ ಎಂದರ್ಥ!

ಸರಿಪಡಿಸುವುದು ಹೇಗೆ? ಮೊದಲು ತೆರೆದ ಬಾಗಿಲಿನ ತುದಿಯನ್ನು ಹಿಡಿದು ಮೆಲ್ಲಗೆ ಮೇಲೆತ್ತಿ ನೋಡಿ. ಅಲ್ಲಾಡಿದರೆ ದೋಷ ಬಿಜಾಗರಿಯದು. ಅದನ್ನು ಮೊದಲು ಸರಿಪಡಿಸಬೇಕು. ಅಲ್ಲಾಡದಿದ್ದರೆ ಸ್ಟ್ರೈಕರ್ ನೋಡಿ. ಹೊಸ ಉಜ್ಜುಗಾಯ ಚಿಲಕ ಎಲ್ಲಿ ತಾಗುತ್ತಿದೆ ಎಂಬುದನ್ನು ಹೇಳುತ್ತದೆ. ಸ್ಟ್ರೈಕರ್ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ತಪ್ಪಿದರೆ ಹಳೆಯ ಜಾಗಕ್ಕೆ ಮರಳಲು ಅದೇ ಗುರುತು. ಬೋಲ್ಟನ್ನು ಪೂರ್ತಿ ಬಿಚ್ಚದೆ, ತುಸು ಸಡಿಲಿಸಿ, ಒಂದು ಮಿಲಿಮೀಟರಿನಷ್ಟು ಮಾತ್ರ ಸರಿಸಿ, ಬಿಗಿದು, ಬಾಗಿಲನ್ನು ಮೆಲ್ಲಗೆ ಹಾಕಿ ನೋಡಿ. ಹೊರಕ್ಕೆ ಸರಿದರೆ ಸುಲಭವಾಗಿ ಬೀಳುತ್ತದೆ, ಅತಿಯಾದರೆ ಗಡಗಡ ಎನ್ನುತ್ತದೆ. ಒಳಕ್ಕೆ ಸರಿದರೆ ಬಿಗಿ, ಅತಿಯಾದರೆ ಮತ್ತೆ ಗುದ್ದಬೇಕು.

ಬಾಗಿಲಿನ ಅಂಚಿನ ರಬ್ಬರಿನ ನಡುವೆ ಕಾಗದದ ಚೂರಿಟ್ಟು ಬಾಗಿಲು ಹಾಕಿ, ಎಳೆಯಿರಿ. ತುಸು ತಡೆದು ಬಂದರೆ ಸರಿ. ಸಲೀಸಾಗಿ ಜಾರಿದರೆ ಇನ್ನೂ ಸಡಿಲ. ಕೊನೆಗೆ ಕವಲಿಗೆ ಚೂರು ಗ್ರೀಸ್ ಹಚ್ಚಿ. ಇಷ್ಟಾದರೂ ಎರಡನೇ ‘ಟಕ್’ ಬಾರದಿದ್ದರೆ ಚಿಲಕವೇ ಸವೆದಿರಬಹುದು. ಆಗ ಮೆಕ್ಯಾನಿಕ್ ಬಳಿ ಹೋಗುವುದೇ ಜಾಣತನ.

ಮಕ್ಕಳೇ, ಸ್ಪ್ಯಾನರ್ ಹಿಡಿಯುವುದು ದೊಡ್ಡವರ ಕೆಲಸ. ಕಿವಿಗೊಡುವುದು ನಿಮ್ಮ ಕೆಲಸ. ಒಂದೇ ‘ಟಕ್’ ಕೇಳಿಸಿತೇ? ಗಾಡಿ ಹೊರಡುವ ಮುನ್ನ ಹೇಳಿ. ಓಡುವಾಗ ಗೊತ್ತಾದರೆ ಬಾಗಿಲಿಗೆ ಕೈ ಹಾಕಬೇಡಿ. ಪಕ್ಕಕ್ಕೆ ನಿಲ್ಲಿಸಲು ಹೇಳಿ. ಅಪ್ಪ ಅಮ್ಮಂದಿರೇ, ‘ಜೋರಾಗಿ ಹಾಕು’ ಎನ್ನುವ ಮೊದಲು ಒಮ್ಮೆ ಆ ಗೂಟವನ್ನು ನೋಡಿ.