ಮಿಠಾಯಿಯ ಹೊದಿಕೆ: ಸಸ್ಯದಿಂದ ಹುಟ್ಟಿದ್ದೆಲ್ಲ ಮಣ್ಣಿಗೆ ಮರಳುವುದೇ?

ಜಾತ್ರೆಯ ಬೆಂಡು ಬತ್ತಾಸು, ಧಾರವಾಡದ ಫೇಡೆ, ಗೋಕಾಕದ ಕರದಂಟು, ಮಕ್ಕಳ ಪೆಪ್ಪರಮಿಂಟು – ಸಿಹಿ ಯಾವುದೇ ಇರಲಿ, ಇಂದು ಅದು ಬಹುಮಟ್ಟಿಗೆ ನಮ್ಮ ಮನೆಗಳನ್ನು ಪ್ರವೇಶಿಸುವುದು ಪ್ಲಾಸ್ಟಿಕ್ಕಿನ ಹೊದಿಕೆಯೊಡನೆ. ಸಿಹಿಯನ್ನು ತಿಂದು ಮುಗಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊದಿಕೆಯಾದರೋ ಮೋರಿಯಲ್ಲಿ, ತಿಪ್ಪೆಯಲ್ಲಿ, ಒಮ್ಮೊಮ್ಮೆ ಮೂಕಪ್ರಾಣಿಗಳ ಹೊಟ್ಟೆಯಲ್ಲಿ ಬಹುಕಾಲ ಉಳಿದುಬಿಡುತ್ತದೆ. ಈಚೆಗೆ ಕೆಲವು ಪೊಟ್ಟಣಗಳ ಮೇಲೆ ಹಸಿರೆಲೆಯ ಚಿತ್ರವೂ ಸಸ್ಯಮೂಲದ ಪ್ಲಾಸ್ಟಿಕ್ಕೆಂಬ ಬರಹವೂ ಕಾಣಿಸಿಕೊಳ್ಳುತ್ತಿವೆ. ಅದನ್ನು ಕಂಡ ಗೃಹಸ್ಥರಿಗೆ ಸಮಾಧಾನವಾಗುವುದು ಸಹಜ. ಆ ಸಮಾಧಾನ ಎಷ್ಟರಮಟ್ಟಿಗೆ ಸಲ್ಲತಕ್ಕದ್ದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು, ಸಿಹಿಗೆ ಹೊದಿಕೆಯಾದರೂ ಏಕೆ ಬೇಕು? ಸಕ್ಕರೆಯು ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಮಳೆಗಾಲದಲ್ಲಿ ಬತ್ತಾಸನ್ನು ತೆರೆದಿಟ್ಟರೆ ಅದು ಅಂಟಾಗುವುದನ್ನು ಎಲ್ಲ ತಾಯಂದಿರೂ ಬಲ್ಲರು. ಹಾಲು ತುಪ್ಪಗಳಿಂದಾದ ತಿನಿಸುಗಳಾದರೆ ಗಾಳಿಯ ಸಂಪರ್ಕದಿಂದ ಕಮಟುವಾಸನೆ ಹಿಡಿಯುತ್ತವೆ. ನಮ್ಮ ಹಿರಿಯರು ಮುತ್ತುಗದ ಎಲೆಯಲ್ಲಿಯೋ ಬಾಳೆಯ ಎಲೆಯಲ್ಲಿಯೋ ಸಿಹಿಯನ್ನು ಕಟ್ಟಿಕೊಡುತ್ತಿದ್ದರು. ಅಂದು ಮಾಡಿದುದನ್ನು ಅಂದೋ ಮರುದಿನವೋ ತಿನ್ನುವ ಕಾಲಕ್ಕೆ ಎಲೆಯೇ ಸಾಕಾಗಿತ್ತು. ತಿಂಗಳುಗಟ್ಟಲೆ ಅಂಗಡಿಯಲ್ಲಿಟ್ಟು ದೂರದೇಶಗಳಿಗೆ ಕಳುಹಿಸುವ ವ್ಯಾಪಾರ ಬೆಳೆದಾಗ ತೇವವನ್ನೂ ಗಾಳಿಯನ್ನೂ ತಡೆಯಬಲ್ಲ ಹೊದಿಕೆಯ ಅವಶ್ಯಕತೆ ಒದಗಿತು.

ಸಸ್ಯಮೂಲದ ಪಾರದರ್ಶಕ ಹೊದಿಕೆ ಇಂದಿನ ಸಂಶೋಧನೆಯೇನೂ ಅಲ್ಲ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಜಾಕ್ ಬ್ರಾಂಡೆನ್‌ಬರ್ಗರ್ ಎಂಬವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಸೆಲೊಫೇನ್ ಎಂಬ ಹಾಳೆಯನ್ನು ಕಂಡುಹಿಡಿದರು. ಅವರು ಮಾಡಹೊರಟದ್ದು ಕಲೆ ಹಿಡಿಯದ ಮೇಜುಬಟ್ಟೆಯನ್ನು; ಸಿದ್ಧಿಸಿದ್ದು ಮರದ ತಿರುಳಿನಿಂದಾದ ತೆಳುಹಾಳೆ. ಅಮೆರಿಕದ ವಿಟ್ಮನ್ ಎಂಬ ಮಿಠಾಯಿ ಸಂಸ್ಥೆಯು 1912ರಲ್ಲಿ ಈ ಹಾಳೆಯನ್ನು ಫ್ರಾನ್ಸಿನಿಂದ ತರಿಸಿ ತನ್ನ ಚಾಕೊಲೇಟುಗಳಿಗೆ ಹೊದಿಸಿತು. ಈ ಹಾಳೆ ನೀರನ್ನು ಸೋರಗೊಡುತ್ತಿರಲಿಲ್ಲವಾದರೂ ಆವಿಯನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಡ್ಯೂಪಾಂಟ್ ಸಂಸ್ಥೆಯ ವಿಲಿಯಂ ಹೇಲ್ ಚಾರ್ಚ್ ಎಂಬವರು ಅದರ ಮೇಲೆ ತೆಳುವಾದ ಅರಗಿನಂಥ ಲೇಪವನ್ನು ಕೊಟ್ಟು ಆ ಕೊರತೆಯನ್ನು ನೀಗಿಸಿದರು. ಸೆಲೊಫೇನಿಗೆ ಇನ್ನೊಂದು ಗುಣವಿದೆ. ಎರಡು ತುದಿಗಳನ್ನು ತಿರುಚಿದರೆ ತಿರುಚಿದಂತೆಯೇ ನಿಲ್ಲುತ್ತದೆ. ಪೆಪ್ಪರಮಿಂಟಿನ ಹೊದಿಕೆಗೆ ಬೇಕಾದುದು ಇದೇ ಗುಣ.

ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ ಮರದಿಂದ ರೇಯಾನಿನ ತಿರುಳನ್ನು ತಯಾರಿಸುವುದನ್ನು ಓದುಗರಲ್ಲಿ ಅನೇಕರು ಬಲ್ಲರು. ರೇಯಾನೂ ಸೆಲೊಫೇನೂ ಒಡಹುಟ್ಟುಗಳು. ತಿರುಳನ್ನು ಕರಗಿಸಿ ಸಣ್ಣ ರಂಧ್ರಗಳ ಮೂಲಕ ಹೊರಡಿಸಿದರೆ ನೂಲು, ಉದ್ದನೆಯ ಸೀಳಿನ ಮೂಲಕ ಹೊರಡಿಸಿದರೆ ಹಾಳೆ. ಹಾಗೆ ಕರಗಿಸಲು ಕಾಸ್ಟಿಕ್ ಸೋಡವೂ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವೂ ಬೇಕು. ಎರಡನೆಯದರ ಆವಿಯು ದುಡಿಯುವವರ ನರಗಳಿಗೆ ಹಾನಿಕರ. ಮೂಲವು ಸಸ್ಯವಾದ ಮಾತ್ರಕ್ಕೆ ತಯಾರಿಕೆಯ ದಾರಿಯೆಲ್ಲ ನಿರ್ದೋಷವೆಂದು ಭಾವಿಸಲಾಗದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಈಚಿನ ಕಾಲದ ಮೂರು ಬಗೆಗಳನ್ನು ನೋಡೋಣ. ಮೊದಲನೆಯದು ಪಿಷ್ಟದಿಂದಾದುದು. ಆಸ್ಟ್ರೇಲಿಯಾದ ಪ್ಲಾಂಟಿಕ್ ಎಂಬ ಸಂಸ್ಥೆಯು 2000ರ ದಶಕದಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಚಾಕೊಲೇಟಿನ ಪೆಟ್ಟಿಗೆಯೊಳಗಿಡುವ ತಟ್ಟೆಗಳನ್ನು ತಯಾರಿಸಿತು. ನೀರು ಸೋಕಿದರೆ ಇವು ಕರಗುತ್ತವೆ. ಒಣಗಿದ ಪೆಟ್ಟಿಗೆಯೊಳಗೆ ಮಾತ್ರ ಇವುಗಳಿಗೆ ನೆಲೆ. ಎರಡನೆಯದು ಪಿಎಲ್‌ಎ. ಹಾಲನ್ನು ಮೊಸರಾಗಿಸುವಾಗ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲವನ್ನೇ ಜೋಳದ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದು, ಸರಪಣಿಯಂತೆ ಜೋಡಿಸಿ ಇದನ್ನು ತಯಾರಿಸುತ್ತಾರೆ. ಅಮೆರಿಕದ ನೆಬ್ರಾಸ್ಕ ರಾಜ್ಯದ ಬ್ಲೇರ್ ಎಂಬಲ್ಲಿ 2002ರಿಂದ ಇದರ ದೊಡ್ಡ ಕಾರ್ಖಾನೆಯುಂಟು. ಮೂರನೆಯದು ಸಸ್ಯಮೂಲದ ಪಾಲಿಥಿನ್. ಬ್ರೆಜಿಲ್ ದೇಶದ ಬ್ರಾಸ್ಕೆಮ್ ಸಂಸ್ಥೆಯು 2010ರಿಂದ ಕಬ್ಬಿನ ಮದ್ಯಸಾರದಿಂದ ಇದನ್ನು ತಯಾರಿಸುತ್ತಿದೆ.

ಓದುಗರು ಲಕ್ಷ್ಯವಿಡಬೇಕಾದುದು ಇಲ್ಲಿಯೇ. ಈ ಮೂರನೆಯ ಬಗೆಯು ಕಬ್ಬಿನಿಂದ ಹುಟ್ಟಿದುದು ನಿಜ; ಕಲ್ಲೆಣ್ಣೆಯ ಬಳಕೆಯನ್ನು ಅದು ತಗ್ಗಿಸುವುದೂ ನಿಜ. ಆದರೆ ರಾಸಾಯನಿಕವಾಗಿ ಅದಕ್ಕೂ ಸಾಮಾನ್ಯ ಪಾಲಿಥಿನ್ನಿಗೂ ಕೂದಲೆಳೆಯಷ್ಟೂ ಭೇದವಿಲ್ಲ. ಹೊಲದಲ್ಲಿ ಬಿದ್ದರೆ ಅದೂ ಹಾಗೆಯೇ ಉಳಿಯುತ್ತದೆ. ಹುಟ್ಟು ಬೇರೆ, ಲಯ ಬೇರೆ. ಒಂದರಿಂದ ಇನ್ನೊಂದನ್ನು ಊಹಿಸಲಾಗದು.

ಪಿಎಲ್‌ಎ ಗೊಬ್ಬರವಾಗಬಲ್ಲದು, ಆದರೆ ಅದಕ್ಕೊಂದು ನಿಬಂಧನೆಯಿದೆ. ಇಂಥ ಪ್ಲಾಸ್ಟಿಕ್ಕಿಗೆ ಗೊತ್ತುಮಾಡಿರುವ ಅಂತಾರಾಷ್ಟ್ರೀಯ ಪರೀಕ್ಷೆಯು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಡೆಯುತ್ತದೆ; 180 ದಿನಗಳೊಳಗೆ ಶೇಕಡ 90ರಷ್ಟು ಜೀರ್ಣವಾಗಬೇಕು. ದೊಡ್ಡ ಗೊಬ್ಬರ ಘಟಕಗಳಲ್ಲಿ ಇಷ್ಟು ಬಿಸಿಯನ್ನು ಕಾಯ್ದುಕೊಳ್ಳಬಹುದು. ನಮ್ಮ ಹಿತ್ತಿಲ ತಿಪ್ಪೆಯ ಒಡಲೂ ಬಿಸಿಯಾಗುವುದುಂಟು; ಆದರೆ ಆ ಬಿಸಿ ವಾರಗಟ್ಟಲೆ ಒಂದೇ ಸಮನೆ ನಿಲ್ಲುವುದಿಲ್ಲ. ಆದುದರಿಂದ ಗೊಬ್ಬರವಾಗುತ್ತದೆಂಬ ಬರಹವನ್ನು ನಂಬಿ ಈ ಹೊದಿಕೆಯನ್ನು ತಿಪ್ಪೆಗೆಸೆದ ರೈತನು, ಮುಂದೆ ಗೊಬ್ಬರ ಹರಡುವಾಗ ಅದನ್ನು ತನ್ನ ಹೊಲದಲ್ಲಿಯೇ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ಕಾಯಿದೆಯೂ ಈ ಸಂಗತಿಯನ್ನು ಸ್ಪರ್ಶಿಸಿದೆ. ಕರ್ನಾಟಕ ಸರಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಚೀಲ ಮೊದಲಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾದ ವಸ್ತುಗಳಲ್ಲಿ ಮಿಠಾಯಿ ಪೆಟ್ಟಿಗೆಗಳಿಗೆ ಸುತ್ತುವ ಹಾಳೆಯೂ ಮಿಠಾಯಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿಯೂ ಸೇರಿವೆ. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಈ ನಿಷೇಧದಿಂದ ವಿನಾಯಿತಿಯುಂಟು. ಆದರೆ ಅದನ್ನು ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನು ಪಡೆದಿರಬೇಕು. ವಿನಾಯಿತಿ ಇರುವಲ್ಲಿ ಹುಸಿ ಬರಹಕ್ಕೂ ಅವಕಾಶವಿರುವುದರಿಂದ ಗಿರಾಕಿಯು ಎಲೆಯ ಚಿತ್ರವನ್ನಲ್ಲ, ಪ್ರಮಾಣಪತ್ರದ ಉಲ್ಲೇಖವನ್ನು ಹುಡುಕಬೇಕು.

ಕಬ್ಬು ಬೆಳೆಯುವ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯವರಿಗೆ ಈ ವಿಷಯ ದೂರದ್ದಲ್ಲ. ಬಲರಾಂಪುರ ಸಕ್ಕರೆ ಸಂಸ್ಥೆಯು ಕಬ್ಬಿನಿಂದ ಪಿಎಲ್‌ಎ ತಯಾರಿಸುವ ಕಾರ್ಖಾನೆಯನ್ನು ಸ್ಥಾಪಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಕಬ್ಬಿಗೆ ಹೊಸ ಬೇಡಿಕೆ ಒದಗಿದರೆ ರೈತನಿಗೆ ಲಾಭವೇ. ಆದರೆ ಕಬ್ಬು ಬಹಳ ನೀರನ್ನು ಬೇಡುವ ಬೆಳೆ. ಕ್ಷಣಮಾತ್ರದಲ್ಲಿ ಬಿಸಾಡುವ ಹೊದಿಕೆಗಾಗಿ ಎಷ್ಟು ಹೊಲವನ್ನೂ ಎಷ್ಟು ನೀರನ್ನೂ ಮೀಸಲಿಡಬೇಕೆಂಬ ಪ್ರಶ್ನೆಯನ್ನು ಆ ಸೀಮೆಯವರೇ ಕೇಳಿಕೊಳ್ಳಬೇಕಾದೀತು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮದುವೆ, ಜಾತ್ರೆ, ಹಬ್ಬಗಳಲ್ಲಿ ಅಂದೇ ಹಂಚಿ ಅಂದೇ ತಿನ್ನುವ ಸಿಹಿಗೆ ಎಲೆಯೋ ಕಾಗದವೋ ಸಾಕು. ಅಲ್ಲಿ ಯಾವ ಪ್ಲಾಸ್ಟಿಕ್ಕೂ ಬೇಕಿಲ್ಲ. ಊರಿನ ಮಿಠಾಯಿ ಅಂಗಡಿಗೆ ಮನೆಯ ಡಬ್ಬಿಯನ್ನೇ ಒಯ್ಯಬಹುದು. ದೂರದ ಬಂಧುಗಳಿಗೆ ಕಳುಹಿಸುವಾಗ ಹೊದಿಕೆ ಅನಿವಾರ್ಯವಾದರೆ, ಅದು ಯಾವುದರಿಂದ ಹುಟ್ಟಿತು ಎಂಬುದರೊಡನೆ ಎಲ್ಲಿ ಮತ್ತು ಹೇಗೆ ಜೀರ್ಣವಾಗುತ್ತದೆ ಎಂಬುದನ್ನೂ ಅಂಗಡಿಯವರನ್ನು ಕೇಳಬೇಕು. ಗೊಬ್ಬರವಾಗುವ ಹೊದಿಕೆಯನ್ನು ಗೊಬ್ಬರ ಘಟಕವಿರುವ ಊರಿನಲ್ಲಿ ಹಸಿ ಕಸದವರಿಗೆ ತಿಳಿಸಿ ಕೊಡಬೇಕು. ಮರುಬಳಕೆಯ ಪ್ಲಾಸ್ಟಿಕ್ಕಿನೊಡನೆ ಬೆರೆಸಿದರೆ ಅದು ಆ ರಾಶಿಯನ್ನೂ ಕೆಡಿಸುತ್ತದೆ. ಗಿರಾಕಿಗಳು ಕೇಳತೊಡಗಿದಾಗ ವ್ಯಾಪಾರಿಗಳೂ ಉತ್ತರವನ್ನು ಹುಡುಕಲೇಬೇಕಾಗುತ್ತದೆ. ಮುಂದಿನ ಹಬ್ಬದ ಸಿಹಿಯನ್ನು ಕೊಳ್ಳುವಾಗ ನಮ್ಮ ಓದುಗರು ಈ ಒಂದು ಪ್ರಶ್ನೆಯನ್ನು ಕೇಳಿದರೆ ಈ ಲೇಖನದ ಶ್ರಮ ಸಾರ್ಥಕವೆಂದು ನಾವು ಭಾವಿಸುತ್ತೇವೆ.