ಖನಿಜಗಳ ಒರೆ

ಅಬ್ಬಿಗೇರಿಯ ಎರೆಭೂಮಿಯು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ನೀರನ್ನು ಹೀರಿ ಉಬ್ಬುವ ಜೇಡಿ ಖನಿಜಗಳ ಗುಣವೇ ಇದಕ್ಕೆ ಕಾರಣ. ನಿಸರ್ಗದಲ್ಲಿ ತಾನಾಗಿ ರೂಪುಗೊಂಡು, ನಿಶ್ಚಿತ ರಾಸಾಯನಿಕ ಸಂಯೋಜನೆಯನ್ನೂ ಕ್ರಮಬದ್ಧವಾದ ಪರಮಾಣು ಜೋಡಣೆಯನ್ನೂ ಪಡೆದ ಘನವಸ್ತುವೇ ಖನಿಜ. ಆದುದರಿಂದ ಪ್ರತಿಯೊಂದು ಖನಿಜಕ್ಕೂ ತನ್ನದೇ ಆದ ಗುಣಗಳುಂಟು. ಅವುಗಳನ್ನು ಪರೀಕ್ಷಿಸಿ ತಿಳಿಸುವ ಶಾಸ್ತ್ರವೇ ಖನಿಜಶಾಸ್ತ್ರ.

ಈ ಪರೀಕ್ಷೆಯ ಅಗತ್ಯವನ್ನು ಇದೇ ಗದಗ ಜಿಲ್ಲೆಯ ಕಪ್ಪತಗುಡ್ಡವು ತೋರಿಸಿಕೊಡುತ್ತದೆ. ಅಲ್ಲಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನದ ಸೂಕ್ಷ್ಮ ಕಣಗಳಿವೆ. ಅವುಗಳೊಡನೆ ಚಿನ್ನದಂತೆಯೇ ಹೊಳೆಯುವ ಪೈರೈಟ್ ಎಂಬ ಖನಿಜವೂ ಇದೆ. ಇದು ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತ. ಇವೆರಡನ್ನು ಗುರುತಿಸುವುದು ಹೇಗೆ?

ಜರ್ಮನ್ ವಿಜ್ಞಾನಿ ಫ್ರೆಡರಿಕ್ ಮೋಹ್ಸ್ 1812ರಲ್ಲಿ ಖನಿಜಗಳ ಕಾಠಿಣ್ಯವನ್ನು 1ರಿಂದ 10ರವರೆಗೆ ಶ್ರೇಣೀಕರಿಸಿದನು. ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಚಿನ್ನದ ಕಾಠಿಣ್ಯ 2.5ರಿಂದ 3, ಪೈರೈಟಿನದು 6ಕ್ಕೂ ಮೇಲು. ಚಾಕುವಿನ ಮೊನೆ ಚಿನ್ನವನ್ನು ಗೀರುತ್ತದೆ, ಪೈರೈಟನ್ನು ಗೀರಲಾರದು. ಚಿನ್ನವು ನೀರಿಗಿಂತ ಸುಮಾರು 19 ಪಟ್ಟು ಭಾರ. ಪೈರೈಟ್ 5 ಪಟ್ಟು ಮಾತ್ರ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಚಿನ್ನವು ಹಳದಿ ಗೆರೆಯನ್ನೂ, ಪೈರೈಟ್ ಹಸಿರು ಬೆರೆತ ಕಪ್ಪು ಗೆರೆಯನ್ನೂ ಮೂಡಿಸುತ್ತವೆ. ಅಕ್ಕಸಾಲಿಗನ ಒರೆಗಲ್ಲು ಮಾಡುವುದೂ ಇಂತಹ ಕೆಲಸವನ್ನೇ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಲ್ಲಿಗೂ ಸಲ್ಲುತ್ತದೆ. ಹೊಳಪನ್ನು ನಂಬಿದವನು ಮೋಸಹೋಗುತ್ತಾನೆ. ಒರೆಗೆ ಹಚ್ಚಿ ನೋಡಿದವನು ನಿಜವನ್ನು ಅರಿಯುತ್ತಾನೆ.