ಬಿಸಿಲು ಕುಡಿದ ಗೋಡೆ

ಹೊಸ ಮನೆಯ ಗೋಡೆಯ ಗಾರೆ ಆರೇ ತಿಂಗಳಲ್ಲಿ ಉದುರತೊಡಗಿದರೆ ಯಜಮಾನನ ಪಾಡೇನು? ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಹಕಾರಿ ವಿಮಾ ಸಂಸ್ಥೆಯೊಂದಕ್ಕೆ ಒದಗಿದುದು ಇದೇ ಪಾಡು. 1962ರಲ್ಲಿ ಪೂರ್ಣಗೊಂಡ ಅದರ ಸಿ.ಐ.ಎಸ್. ಗೋಪುರದ ಎತ್ತರ 118 ಮೀಟರು. ಅದರ ಒಂದು ಪಾರ್ಶ್ವದ ಕಾಂಕ್ರೀಟು ಸ್ತಂಭಕ್ಕೆ ಉಗುರಗಲದ 1 ಕೋಟಿ 40 ಲಕ್ಷ ಮೊಸಾಯಿಕ್ ಬಿಲ್ಲೆಗಳನ್ನು ಅಂಟಿಸಿದ್ದರು. ಕಾಂಕ್ರೀಟು ಹಿಗ್ಗಿ ಕುಗ್ಗಲು ಸಂದು ಬಿಟ್ಟಿರಲಿಲ್ಲ. ಬಿಲ್ಲೆಗಳು ಕಳಚಿ ಬೀಳತೊಡಗಿದವು.

ನಾಲ್ಕು ದಶಕಗಳ ಬಳಿಕ ಆ ಗೋಡೆಗೆ ಹೊಸ ಉಡುಪು ದೊರೆಯಿತು. 55 ಲಕ್ಷ ಪೌಂಡು ವೆಚ್ಚದಲ್ಲಿ 7 ಸಾವಿರಕ್ಕೂ ಹೆಚ್ಚು ಸೌರಫಲಕಗಳನ್ನು ನೆಟ್ಟಗೆ ಜೋಡಿಸಿದರು. 2005ರ ನವೆಂಬರಿನಲ್ಲಿ ಅವು ವಿದ್ಯುತ್ತನ್ನು ಹರಿಸತೊಡಗಿದವು. ವರ್ಷಕ್ಕೆ ಸುಮಾರು 1 ಲಕ್ಷ 80 ಸಾವಿರ ಯೂನಿಟ್ ದೊರೆಯುವುದೆಂದು ಅಂದಾಜಿತ್ತು.

ಫಲಕವನ್ನು ಮಲಗಿಸದೆ ನಿಲ್ಲಿಸಿದರೆ ನಷ್ಟವಲ್ಲವೇ ಎಂದು ವಾಚಕರು ಕೇಳಬಹುದು. ಬೇಸಿಗೆಯಲ್ಲಿ ನಷ್ಟವುಂಟು. ಆದರೆ ಮ್ಯಾಂಚೆಸ್ಟರಿನ ಡಿಸೆಂಬರಿನಲ್ಲಿ ಸೂರ್ಯನು ನಡುಹಗಲಿಗೂ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೇರುವನು. ಅವನ ಕಿರಣಗಳು ಮಾಡಿಗಿಂತ ದಕ್ಷಿಣದ ಗೋಡೆಗೇ ನೇರವಾಗಿ ತಾಗುವುವು. ನೆಟ್ಟಗಿನ ಫಲಕದ ಮೇಲೆ ಹಿಮವೂ ನಿಲ್ಲದು.

ಹಾಗೆಂದು ಬೆಂಗಳೂರಿನ ಗೃಹಸ್ಥರು ಅವಸರಪಡಬೇಕಾಗಿಲ್ಲ. ಇಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ನಡುಹಗಲಿನ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ನೆರಳೇ ಗತಿ. ನಮಗೆ ತಾರಸಿಯೇ ಲೇಸು. ಫಲಕವನ್ನು ದಕ್ಷಿಣಕ್ಕೆ ಕೊಂಚ ಬಾಗಿಸಿದರೆ ಸಾಕು.

ವಿದ್ಯುತ್ತಿನ ಬೆಲೆಯೊಂದನ್ನೇ ಎಣಿಸಿದರೆ ಮ್ಯಾಂಚೆಸ್ಟರಿನ ವೆಚ್ಚ ತಲೆಮಾರುಗಳು ಕಳೆದರೂ ತೀರದು. ಆದರೆ ಹೇಗಿದ್ದರೂ ಹೊದಿಸಲೇಬೇಕಾಗಿದ್ದ ಗೋಡೆಗೆ ದುಡಿಯುವ ಹೊದಿಕೆಯನ್ನೇ ಹೊದಿಸಿದರಲ್ಲ, ಅದು ಜಾಣತನ!